ಒದ್ದೆ ಸೀರೆಯ ಎರಡು ತುದಿ

ನಮ್ಮೂರಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಪಂಢರಪುರದಲ್ಲಿ ಇಳಿಯಬಹುದು. ಅಂಥದ್ದರಲ್ಲಿ ನಾನೂ ನಮ್ಮ ಪಕ್ಕದ ಮನೆಯ ವೈನಿಯೂ ಪುಣೆ ದಾಟಿ ಆಳಂದಿಗೆ ಹೋಗಿ, ಅಲ್ಲಿಂದ ನಡೆದುಕೊಂಡು ಪಂಢರಪುರಕ್ಕೆ ಬಂದೆವು. ಈ ನಡಿಗೆಗೆ ವಾರಿ ಅನ್ನುತ್ತಾರೆ, ನಡೆಯುವವರಿಗೆ ವಾರಕರಿ. 2024ರ ಜೂನ್ 29ಕ್ಕೆ ಆಳಂದಿಯಿಂದ ಸಂತ ಜ್ಞಾನೇಶ್ವರರ ಪಾದುಕೆಯ ಪಾಲಖಿ, ಅಂದರೆ ಪಲ್ಲಕ್ಕಿ, ಎದ್ದಿತು, ಜುಲೈ 17ಕ್ಕೆ ಆಷಾಢ ಏಕಾದಶಿ. "ಬಾಜೂ ಅಂಗಡಿಗೆ ಹೋಗಾಕ ಊರೆಲ್ಲಾ ಸುತ್ತಿ ಬಂದಂಗಾತು ನೋಡವಾ" ಎಂದು ನನ್ನ ಮಗ ನಕ್ಕ. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ನಮ್ಮ ಚಿಕ್ಕೋಡಿ ಸೀಮೆಯವರಿಗೆ ಈ ಸುತ್ತು ಹೊಸದೇನಲ್ಲ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ ಏನೋ, ಜ್ಞಾನೇಶ್ವರ ಮಹಾರಾಜರ ಪಾಲಖಿಯ ಮುಂದೆ ನಡೆಯುವ ಎರಡು ಕುದುರೆಗಳು ಮಹಾರಾಷ್ಟ್ರದವಲ್ಲ. ಅವು ನಮ್ಮ ಬೆಳಗಾವಿ ಜಿಲ್ಲೆಯ ಅಂಕಲಿಯವು, ಅಲ್ಲಿಯ ಶಿತೋಳೆ ಸರದಾರರ ವಾಡೆಯಿಂದ ಹೊರಡುತ್ತವೆ. ಆರಫಳ ಎಂಬ ಊರಿನ ಹೈಬತರಾವ ಬಾಬಾ ಅಂತ ಒಬ್ಬರು, ಗ್ವಾಲಿಯರದ ಸಿಂಧ್ಯಾರ ಕಡೆ ಚಾಕರಿ ಮಾಡಿ ಬಂದವರು, ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಈಗಿನ ಈ ಪಾಲಖಿಯ ವ್ಯವಸ್ಥೆ ಕಟ್ಟಿದರು. ಫೌಜಿನಲ್ಲಿ ಇದ್ದಂಥ ಶಿಸ್ತನ್ನೇ ಭಜನೆಗೂ ತಂದರು ಅನ್ನಿ. ಆಗಿನಿಂದ ಕುದುರೆ ಅಂಕಲಿಯದು. ಅವೂ ಲಾರಿಯಲ್ಲಿ ಹೋಗುವುದಿಲ್ಲ, ಮಿರಜ-ಸಾತಾರಾ ದಾರಿ ಹಿಡಿದು ಸುಮಾರು 300 ಕಿ.ಮೀ. ನಡೆದೇ ಆಳಂದಿ ಮುಟ್ಟುತ್ತವೆ. ಎರಡರಲ್ಲಿ ಒಂದರ ಮೇಲೆ ನಿಶಾನೆ ಹಿಡಿದ ಸವಾರ ಇರುತ್ತಾನೆ. ಇನ್ನೊಂದರ ಮೇಲೆ ಜೀನು ಇರುತ್ತದೆ, ಸವಾರ ಇರುವುದಿಲ್ಲ. ಅದರ ಮೇಲೆ ಜ್ಞಾನೋಬಾ, ಅಂದರೆ ಜ್ಞಾನೇಶ್ವರರೇ, ಕೂತಿದ್ದಾರೆ ಎಂಬುದು ನಂಬಿಕೆ. ಸಣ್ಣವಳಿದ್ದಾಗ ನಾನು ಆ ಖಾಲಿ ಜೀನನ್ನೇ ನೋಡುತ್ತ ನಿಲ್ಲುತ್ತಿದ್ದೆ. ಕುದುರೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರೆ ಅಜ್ಜಿ "ದೇವರನ್ನ ಕರಕೊಂಡು ಬರಾಕ" ಅನ್ನುತ್ತಿದ್ದಳು. ಕುದುರೆಯೇ ಸುತ್ತು ಹಾಕಿ ಹೋಗುವಾಗ ನಮ್ಮದೇನು!

ಇನ್ನು ನಾವಿಬ್ಬರು ಯಾರು ಅನ್ನುವುದನ್ನು ಹೇಳಬೇಕಲ್ಲ. ನಾನು ಕನ್ನಡ ಶಾಲೆಯಲ್ಲಿ ಮಾಸ್ತರಕಿ ಮಾಡಿ ನಿವೃತ್ತಳಾದವಳು. ವೈನಿ ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಾಳೆ, ದಿನಕ್ಕೆ ಇನ್ನೂರು ಮುನ್ನೂರು ರೊಟ್ಟಿ. ಸಂಬಂಧದಲ್ಲಿ ಅವಳು ನನಗೆ ವೈನಿ, ಅಂದರೆ ಅತ್ತಿಗೆ, ಅಲ್ಲ, ಓಣಿಯಲ್ಲಿ ಎಲ್ಲರೂ ಹಾಗೇ ಕರೆಯುವುದರಿಂದ ನನಗೂ ವೈನಿ. ನಾನು ಅವಳ ಇಬ್ಬರು ಮಕ್ಕಳಿಗೆ ಅಕ್ಷರ ಕಲಿಸಿದ್ದರಿಂದ ಅವಳಿಗೆ ಇವತ್ತಿಗೂ ಅಕ್ಕೋರು. ಮೂವತ್ತು ವರ್ಷದ ಗೆಳೆತನ, ಆದರೂ ಅವಳು ಬಹುವಚನ ಬಿಟ್ಟಿಲ್ಲ. ಅವಳ ಕೊರಳಲ್ಲಿ ತುಳಸಿ ಮಾಲೆ ಇದೆ, ನನ್ನ ಕೊರಳಲ್ಲಿ ಇಲ್ಲ. ಅವಳ ಅತ್ತೆ ಇಪ್ಪತ್ತೆರಡು ವಾರಿ ಮಾಡಿದವಳು. ಅತ್ತೆ ತೀರಿಕೊಂಡ ಮೇಲೆ ವೈನಿ ಹಟ ಹಿಡಿದಳು. ನನ್ನನ್ನು ಕರೆದ ಕಾರಣವನ್ನೂ ನೇರ ಹೇಳಿದಳು: "ನನಗ ಮರಾಠಿ ಮಾತಾಡಾಕ ಬರ್ತೈತಿ, ಓದಾಕ ಬರಂಗಿಲ್ಲ. ನೀವು ಬಂದ್ರ ಬೋರ್ಡ ಓದ್ತೀರಿ." ಹೀಗೆ ನಾನು ಬೋರ್ಡು ಓದಲು ಹೋದವಳು. ಭಕ್ತಿ ಗಿಕ್ತಿ ಎಂದು ದೊಡ್ಡ ಮಾತಾಡಿದರೆ ಅವಳೇ ಎದ್ದು ಬಂದು ನನ್ನ ಬಾಯಿ ಮುಚ್ಚಿಸುತ್ತಾಳೆ. ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾಳೆ.

ನಮ್ಮದು ಗಡಿ ಭಾಗದ ದಿಂಡಿ, ಅರ್ಧ ಮಂದಿ ಕನ್ನಡ, ಅರ್ಧ ಮಂದಿ ಮರಾಠಿ. ದಿಂಡಿ ಅಂದರೆ ಕೂಡಿ ನಡೆಯುವ ಒಂದು ತಂಡ. ಪ್ರತಿ ದಿಂಡಿಗೂ ಒಂದು ನಂಬರು ಇರುತ್ತದೆ. ಪಾದುಕೆ ಇಟ್ಟ ಬೆಳ್ಳಿ ರಥದ ಮುಂದೆ 27 ದಿಂಡಿ, ಉಳಿದವೆಲ್ಲ ಹಿಂದೆ. "ರಥದ ಹಿಂದೆ ಇಂತಿಷ್ಟನೇದು" ಅನ್ನುವುದೇ ಆ ಹಾದಿಯಲ್ಲಿ ನಿಮ್ಮ ಊರು, ಹೆಸರು, ವಿಳಾಸ. ಲಕ್ಷಗಟ್ಟಲೆ ಜನ ಇರುವಲ್ಲಿ ಮೊಬೈಲಿಗೆ ರೇಂಜು ಸಿಗುವುದಿಲ್ಲ. ಮೊದಲ ದಿನವೇ ವೈನಿಯ ಅಂಗೈ ಮೇಲೆ ಬಾಲ್ ಪೆನ್ನಿನಿಂದ ನಂಬರು ಬರೆದುಕೊಟ್ಟೆ. ಸಂಜೆಯ ಹೊತ್ತಿಗೆ ಬೆವರಿಗೆ ಅಳಿಸಿಹೋಗಿತ್ತು. ಮರುದಿನದಿಂದ ಕುಂಕುಮದ ಡಬ್ಬಿಯ ಮುಚ್ಚಳದ ಒಳಗೆ ಚೀಟಿ ಇಟ್ಟುಕೊಂಡಳು.

ಈಗ ದಿನಚರಿಗೆ ಬರುತ್ತೇನೆ. ನೀವು ಕೇಳಬೇಕೆಂದು ಬಂದಿರುವುದೂ ಅದೇ, ನನಗೆ ಹೇಳಲು ಗೊತ್ತಿರುವುದೂ ಅದೇ.

ರಾತ್ರಿ ಮೂರಕ್ಕೆ ಏಳಬೇಕು. ಯಾರೂ ಎಬ್ಬಿಸುವುದಿಲ್ಲ. ಪಕ್ಕದವಳು ಎದ್ದು ತನ್ನ ಚೀಲ ಕಟ್ಟುವಾಗ ಪ್ಲಾಸ್ಟಿಕ್ಕಿನ ಪರಪರ ಸದ್ದಿಗೇ ಎಚ್ಚರ. ಹೆಂಗಸರಿಗೆ ಮೂರು ಗಂಟೆ ಯಾಕೆ ಅಂದರೆ, ಕತ್ತಲು ಇರುವಾಗಲೇ ಎಲ್ಲ ಮುಗಿಸಿಕೊಳ್ಳಬೇಕು. ಈಗೀಗ ಸಾಲುಸಾಲು ಶೌಚಾಲಯದ ಗಾಡಿಗಳನ್ನು ನಿಲ್ಲಿಸುತ್ತಾರೆ, ಅದು ದೊಡ್ಡ ಉಪಕಾರ. ಆದರೆ ಐದು ಗಂಟೆಗೆ ಹೋದಿರೋ, ಆ ಪಾಳಿಯಲ್ಲೇ ದಿಂಡಿ ತಪ್ಪುತ್ತದೆ. ಸ್ನಾನ ಟ್ಯಾಂಕರಿನ ನಳದ ಕೆಳಗೆ. ಒಬ್ಬಳು ಸೀರೆ ಅಡ್ಡ ಹಿಡಿಯಬೇಕು, ಇನ್ನೊಬ್ಬಳು ಕೂತು ನಾಲ್ಕು ಚೊಂಬು ಸುರಿದುಕೊಳ್ಳಬೇಕು. ಆಮೇಲೆ ಅದಲು ಬದಲು. ಮೂವತ್ತು ವರ್ಷದಲ್ಲಿ ನಾವು ಒಬ್ಬರ ಮನೆಯ ಬಚ್ಚಲನ್ನು ಇನ್ನೊಬ್ಬರು ನೋಡಿದವರಲ್ಲ. ಎರಡೇ ದಿನಕ್ಕೆ ನಾಚಿಕೆಯೂ ಟ್ಯಾಂಕರಿನ ನೀರಿನ ಹಾಗೆ ಹರಿದುಹೋಯಿತು.

ಅಷ್ಟರಲ್ಲಿ ಕರ್ಣಾ ಊದುತ್ತಾರೆ, ಉದ್ದನೆಯ ಕೊಂಬು. ಮೊದಲನೇ ಸಲ ಊದಿದರೆ ಸಾಮಾನು ಕಟ್ಟಿ, ಎರಡನೇದಕ್ಕೆ ಸಾಲು ಹಿಡಿಯಿರಿ, ಮೂರನೇದಕ್ಕೆ ನಡೆಯಿರಿ. ಹಾಸಿಗೆ, ಪಾತ್ರೆ, ತಂಬು ಎಲ್ಲ ದಿಂಡಿಯ ಟ್ರಕ್ಕಿಗೆ ಹೋಗುತ್ತದೆ. ಟ್ರಕ್ಕು ನಮಗಿಂತ ಮೊದಲೇ ಮುಂದಿನ ಊರು ಸೇರಿ ತಂಬು ಹೊಡೆದು ಒಲೆ ಹೂಡಿರುತ್ತದೆ. ಕೈಯಲ್ಲಿ ಒಂದು ಸಣ್ಣ ಚೀಲ, ನೀರಿನ ಬಾಟಲಿ, ಇಷ್ಟೇ. ಹಾಗೇ ಒದ್ದೆ ಸೀರೆ.

ಆ ಒದ್ದೆ ಸೀರೆಯ ಸುದ್ದಿ ಹೇಳಲೇಬೇಕು. ಬೆಳಿಗ್ಗೆ ಒಗೆದ ಸೀರೆಯನ್ನು ಟ್ರಕ್ಕಿಗೆ ಹಾಕಿದರೆ ಸಂಜೆಗೆ ಮುಗ್ಗಲು ವಾಸನೆ. ಒಣಗಿಸಲು ಹಗ್ಗ ಎಲ್ಲಿಂದ ತರುವುದು? ಅದಕ್ಕೆ ವಾರಕರಿ ಹೆಂಗಸರು ಏನು ಮಾಡುತ್ತಾರೆಂದರೆ, ಒಬ್ಬಳು ಒಂದು ತುದಿ, ಇನ್ನೊಬ್ಬಳು ಇನ್ನೊಂದು ತುದಿ ಹಿಡಿದು ಹಾಗೇ ನಡೆಯುತ್ತಾರೆ. ವೈನಿ ಮುಂದೆ, ನಾನು ಹಿಂದೆ, ನಡುವೆ ನನ್ನ ಇಳಕಲ್ ಸೀರೆ. ಗಾಳಿ ತುಂಬಿಕೊಂಡು ಹಾಯಿಯ ಹಾಗೆ ಉಬ್ಬುತ್ತದೆ. ಬಿಸಿಲಿದ್ದರೆ ಎರಡು ಮೈಲಿಯೊಳಗೆ ಗರಿಗರಿ. ಮಳೆ ಬಂದರೆ ಮಾತ್ರ ಬೆಳಗಿನ ಕೆಲಸವೆಲ್ಲ ನೀರಲ್ಲಿ ಹೋಮ, ಆ ವರ್ಷ ಮಳೆಯೂ ಚೆನ್ನಾಗಿಯೇ ಬಂತು.

ಇದರಲ್ಲಿ ಒಂದು ಪೇಚು ಇದೆ. ವೈನಿಯದು ಬಿರುಸಿನ ನಡಿಗೆ, ರೊಟ್ಟಿ ಬಡಿಯುವ ಕೈ ಎಷ್ಟು ಚುರುಕೋ ಕಾಲೂ ಅಷ್ಟೇ. ನನಗೆ ಎಡಗಾಲಿನ ಮೊಣಕಾಲು ನೋವು. ಸೀರೆ ನಡುವೆ ಇದ್ದರೆ ಅವಳು ಓಡುವ ಹಾಗಿಲ್ಲ, ನಾನು ಹಿಂದೆ ಬೀಳುವ ಹಾಗಿಲ್ಲ. ಅವಳು ಜಗ್ಗಿದರೆ ನನ್ನ ಕೈಗೆ ಗೊತ್ತಾಗುತ್ತದೆ, ನಾನು ನಿಂತರೆ ಅವಳಿಗೆ ಗೊತ್ತಾಗುತ್ತದೆ. ಸೀರೆ ನೆಲ ಮುಟ್ಟಿತೋ, ಯಾರೋ ಒಬ್ಬರ ತಪ್ಪು. ಮೊದಲ ಮೂರು ದಿನ ಎಷ್ಟು ಸಲ ಮುಟ್ಟಿತೋ ಲೆಕ್ಕವಿಲ್ಲ. "ಅಕ್ಕೋರ, ಸೀರಿ!" ಎಂದು ಅವಳು ಹಿಂದೆ ನೋಡದೆ ಕೂಗುವುದು, "ನೀ ಸಾವಕಾಶ ನಡಿಯವಾ" ಎಂದು ನಾನು ಬೈಯುವುದು.

ಗೆಳತಿಯ ಜೊತೆ ನಡೆಯುತ್ತೇನೆ ಅಂದಾಗ ನನ್ನ ತಲೆಯಲ್ಲಿ ಇದ್ದದ್ದು ಮಾತಾಡುತ್ತ, ನಗುತ್ತ, ಪಕ್ಕಪಕ್ಕದಲ್ಲಿ ಹೋಗುವುದು. ದಿಂಡಿಯಲ್ಲಿ ಅದು ನಡೆಯುವುದಿಲ್ಲ. ಮುಂದೆ ಪತಾಕೆ ಹಿಡಿದವರು, ಆಮೇಲೆ ತಾಳದವರು, ಮೃದಂಗದವರು, ವೀಣೆಯವರು, ಅವರ ಹಿಂದೆ ತುಳಸಿ ಮತ್ತು ನೀರಿನ ಕೊಡ ಹೊತ್ತ ಹೆಂಗಸರು. ವೀಣೆಯನ್ನು ನೆಲಕ್ಕೆ ಇಡುವ ಹಾಗಿಲ್ಲ, ಒಬ್ಬರ ಕೊರಳಿಂದ ಇನ್ನೊಬ್ಬರ ಕೊರಳಿಗೆ ಹೋಗಬೇಕು. ಸಾಲಿನಲ್ಲಿ ಒಮ್ಮೆ ನಿಂತರೆ ಹಾಡುವುದೇ ಕೆಲಸ. ನನ್ನ ಪಕ್ಕದಲ್ಲಿ ಇಡೀ ವಾರಿ ನಡೆದದ್ದು ಸಾಂಗಲಿ ಕಡೆಯ ಒಬ್ಬ ಮುದುಕಿ. ಅವಳ ಹೆಸರು ನನಗೆ ಗೊತ್ತಿಲ್ಲ, ನನ್ನದು ಅವಳಿಗೆ ಗೊತ್ತಿಲ್ಲ. ಅಲ್ಲಿ ಎಲ್ಲರೂ ಎಲ್ಲರಿಗೂ "ಮಾವುಲಿ". ತಾಯಿ ಅಂತ ಅರ್ಥ. ಪೊಲೀಸನೂ ಮಾವುಲಿ, ಚಾ ಮಾರುವವನೂ ಮಾವುಲಿ, ಕಾಲು ತುಳಿದವನೂ ಮಾವುಲಿ. ಬೈಯಬೇಕೆಂದರೂ "ಮಾವುಲಿ, ಕಣ್ಣು ಕಾಣಸಂಗಿಲ್ಲೇನು" ಅನ್ನಬೇಕು. ಬೈಗುಳದ ಅರ್ಧ ಬಿಸಿ ಅಲ್ಲೇ ಆರಿಹೋಗುತ್ತದೆ.

ಪುಣೆಯಲ್ಲಿ ನಮ್ಮನ್ನು ಒಂದು ಶಾಲೆಯಲ್ಲಿ ಮಲಗಿಸಿದರು. ಎರಡು ರಾತ್ರಿ. ನಿವೃತ್ತಳಾಗಿ ತರಗತಿಯ ನೆಲದ ಮೇಲೆ ಮಲಗುವ ಯೋಗ! ಹಲಗೆಯ ಮೇಲೆ ಯಾರೋ ಮಾಸ್ತರು ಬಿಟ್ಟುಹೋದ ಭಾಗಾಕಾರದ ಲೆಕ್ಕ ಹಾಗೇ ಇತ್ತು, ಶೇಷ ಬರೆದಿರಲಿಲ್ಲ. ಕತ್ತಲಲ್ಲಿ ಅದನ್ನೇ ನೋಡುತ್ತ ಮಲಗಿದೆ. ಬೆಳಿಗ್ಗೆ ಸೀಮೆಸುಣ್ಣ ಹುಡುಕಿ ಶೇಷ ಬರೆದೇ ಹೊರಬಿದ್ದೆ. ವೈನಿ ನೋಡಿ ನಕ್ಕಳು, "ಪಗಾರ ಬಂದ್ ಆದ್ರೂ ಚಟ ಬಂದ್ ಆಗಿಲ್ಲ."

ಪುಣೆಯಿಂದ ಸಾಸವಡಕ್ಕೆ ಹೋಗುವ ದಿನ ವಾರಿಯಲ್ಲೇ ಉದ್ದನೆಯ ದಿನ, ಮೂವತ್ತು ಕಿ.ಮೀ. ಮೇಲೆ. ನಡುವೆ ದಿವೆ ಘಾಟು. ಅದೇ ದಿನ ಜ್ಯೇಷ್ಠ ವದ್ಯ ಏಕಾದಶಿ, ಅಂದರೆ ಉಪವಾಸ ಬೇರೆ. ಈ ಪಂಚಾಂಗ ಮಾಡಿದವರಿಗೂ ದಾರಿ ಹಾಕಿದವರಿಗೂ ಮಾತುಕತೆ ಇರಲಿಲ್ಲ ಎಂದು ನನಗೆ ಅನುಮಾನ. ನಾನು ಸಾಬೂದಾನಿ ಖಿಚಡಿ, ಬಾಳೆಹಣ್ಣು, ಶೇಂಗಾ ಚಿಕ್ಕಿ ಏನು ಕೊಟ್ಟರೂ ಬಿಡಲಿಲ್ಲ. ದಾರಿಯುದ್ದಕ್ಕೂ ಜನ ಕೊಡುತ್ತಲೇ ಇರುತ್ತಾರೆ, ಬೇಡ ಅಂದರೆ ಅವರಿಗೇ ಬೇಸರ. ವೈನಿ ನೀರು ಬಿಟ್ಟರೆ ಏನೂ ಮುಟ್ಟಲಿಲ್ಲ. ಘಾಟಿನಲ್ಲಿ ರಥಕ್ಕೆ ಹೆಚ್ಚಿನ ಎತ್ತಿನ ಜೋಡಿಗಳನ್ನು ಹೂಡುತ್ತಾರೆ. ನನಗೆ ಹೂಡಲು ಯಾವ ಎತ್ತೂ ಇರಲಿಲ್ಲ. ಮೂರನೇ ತಿರುವಿಗೆ ನಾನು ಕಲ್ಲಿನ ಮೇಲೆ ಕೂತುಬಿಟ್ಟೆ. ತಪ್ಪು ನನ್ನದೇ, ವಾರಿಗೆಂದು ಹೊಸ ಬೂಟು ತಂದಿದ್ದೆ. ಎರಡೂ ಹಿಮ್ಮಡಿಗೆ ಬೊಬ್ಬೆ ಎದ್ದು ಒಡೆದು ಕಾಲುಚೀಲ ಅಂಟಿಕೊಂಡಿತ್ತು. ವೈನಿ ತನ್ನ ಹಳೇ ಚಪ್ಪಲಿಯನ್ನು ಬಿಚ್ಚಿ ನನ್ನ ಮುಂದೆ ಇಟ್ಟಳು, ತಾನು ಬರಿಗಾಲಲ್ಲಿ ಘಾಟು ಹತ್ತಿದಳು. ಬೂಟನ್ನು ನಾನು ಕೈಯಲ್ಲಿ ಹಿಡಿದುಕೊಂಡು ಹೋದೆ. ಸಾಸವಡದಲ್ಲಿ ಪುಕ್ಕಟೆಯಾಗಿ ಚಪ್ಪಲಿ ಹೊಲಿದುಕೊಡುವವರು ರಸ್ತೆ ಬದಿಗೆ ಕೂತಿದ್ದರು. ಅವರಲ್ಲೊಬ್ಬ ನನ್ನ ಬೂಟು ನೋಡಿ, "ಇದು ಫೋಟೋಕ್ಕ ಚಲೋ ಮಾವುಲಿ" ಎಂದು ಮರಾಠಿಯಲ್ಲಿ ಹೇಳಿ ವಾಪಸು ಕೊಟ್ಟ. ಅವನ ಹತ್ತಿರವೇ ಒಂದು ಜೋಡಿ ಟೈರಿನ ಚಪ್ಪಲಿ ಕೊಂಡೆ. ಪಂಢರಪುರ ಮುಟ್ಟಿಸಿದ್ದು ಅದೇ.

ಜೇಜುರಿಯನ್ನು ಬೇಗ ದಾಟುತ್ತೇನೆ, ಆದರೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅಲ್ಲಿಯ ಖಂಡೋಬಾ ನಮ್ಮ ಮೈಲಾರಲಿಂಗನೇ. ಪಾಲಖಿಯ ಮೇಲೆ ಭಂಡಾರ ತೂರಿ "ಯಳಕೋಟ ಯಳಕೋಟ" ಅನ್ನುತ್ತಾರೆ. ಪಕ್ಕದ ಮರಾಠಿ ಹುಡುಗನಿಗೆ "ಹಾಗೆಂದರೇನಪ್ಪ?" ಎಂದು ಕೇಳಿದೆ. ಗೊತ್ತಿಲ್ಲ ಅಂದ. ಏಳು ಕೋಟಿ ಅಂತ ನಮ್ಮ ಮಾತು ಎಂದು ಬೆರಳೆಣಿಸಿ ಹೇಳಿಕೊಟ್ಟೆ. ನಮ್ಮ ದಿಂಡಿಯ ಹಿರಿಯರೊಬ್ಬರು ಹಿಂದಿನಿಂದ ಅಂದರು, "ಅಕ್ಕೋರ, ಅದೇನು ದೊಡ್ಡದು, ಜ್ಞಾನೋಬಾ ತಾನೇ ವಿಠ್ಠಲನನ್ನ 'ಕಾನಡಾ' ಅಂದಾನ." ನಿಜ. ಆ ಅಭಂಗದ ಕಾನಡಾ ಅಂದರೆ ಕನ್ನಡದವನು ಎಂದೂ ಆಗುತ್ತದೆ, ತಿಳಿಯಲಾರದವನು ಎಂದೂ ಆಗುತ್ತದೆ. ಎರಡೂ ಒಂದೇ ಎಂದು ಮರಾಠಿಗರು ನಗುತ್ತಾರೆ, ನಗಲಿ.

ಪ್ರತಿ ಸಂಜೆ ಮುಕ್ಕಾಮಿನ ಬಯಲಲ್ಲಿ ಸಮಾಜ ಆರತಿ ನಡೆಯುತ್ತದೆ. ನನ್ನ ಮಟ್ಟಿಗೆ ಇಡೀ ವಾರಿಯಲ್ಲಿ ಇದಕ್ಕಿಂತ ಬೆರಗಿನದು ಇನ್ನೊಂದಿಲ್ಲ. ದಿಂಡಿಗಳೆಲ್ಲ ಸುತ್ತ ನಿಂತು ತಾಳ ಬಾರಿಸುತ್ತಿರುತ್ತವೆ, ಕಿವಿ ಗುಂಯ್‌ಗುಡುತ್ತದೆ. ಪಾಲಖಿ ನಡುವೆ ಬಂದು ಇಳಿಯುತ್ತದೆ. ವಾರಿಯ ಶಿಸ್ತು ನೋಡಿಕೊಳ್ಳುವ ಚೋಪದಾರ ತನ್ನ ಬೆಳ್ಳಿ ಕೋಲು ಮೇಲೆತ್ತುತ್ತಾನೆ. ಅಷ್ಟೂ ಸಾವಿರ ಜನ ಗಪ್. ಮೈಕಿಲ್ಲ, ಸೀಟಿ ಇಲ್ಲ, ಲಾಠಿ ಇಲ್ಲ. ಮೂವತ್ತು ಮಕ್ಕಳನ್ನು ಸುಮ್ಮನೆ ಕೂರಿಸಲು ಜೀವಮಾನವಿಡೀ ಹೆಣಗಿದವಳು ನಾನು, ನನ್ನ ಹೊಟ್ಟೆಕಿಚ್ಚು ನಿಮಗೆ ಅರ್ಥವಾಗಬೇಕು. ಆಮೇಲೆ ಕಳೆದ ವಸ್ತು, ಸಿಕ್ಕ ವಸ್ತುಗಳ ಪಟ್ಟಿ ಓದುತ್ತಾರೆ. ಚಷ್ಮಾ, ಕಿಲಿ, ಹಲ್ಲಿನ ಸೆಟ್ಟು, ಎಲ್ಲ. ನಾಳೆ ಎಷ್ಟು ಹೊತ್ತಿಗೆ ಹೊರಡುವುದು ಎಂದು ಹೇಳುತ್ತಾರೆ.

ಆ ಮೌನದಲ್ಲೂ ಯಾವುದಾದರೂ ಒಂದು ದಿಂಡಿ ತಾಳ ನಿಲ್ಲಿಸದೆ ಬಾರಿಸುತ್ತಲೇ ಇದ್ದರೆ ಅವರದೊಂದು ತಕರಾರು ಇದೆ ಅಂತ ಅರ್ಥ. ಇನ್ನೊಂದು ದಿಂಡಿ ನಮ್ಮ ಜಾಗಕ್ಕೆ ನುಗ್ಗಿತು, ಟ್ಯಾಂಕರ್ ಬರಲಿಲ್ಲ, ಏನೋ ಒಂದು. ಚೋಪದಾರ ಅವರ ಹತ್ತಿರ ಹೋಗುತ್ತಾನೆ, ಕೇಳುತ್ತಾರೆ, ತೀರ್ಮಾನ ಹೇಳುತ್ತಾರೆ. ತಾಳ ನಿಲ್ಲುತ್ತದೆ. ಆಮೇಲೆಯೇ ಆರತಿ. ತಕರಾರು ಬಾಕಿ ಇಟ್ಟುಕೊಂಡು ದೇವರಿಗೆ ದೀಪ ಎತ್ತುವ ಹಾಗಿಲ್ಲ. ಮಸ್ತ್ ಪದ್ಧತಿ. ಎಷ್ಟೋ ಸೊಸೈಟಿ ಮೀಟಿಂಗುಗಳಲ್ಲಿ ಕೂತಿದ್ದೇನೆ, ಎಲ್ಲಿಯೂ ಇದನ್ನು ಕಂಡಿಲ್ಲ.

ಈಗ ನಮ್ಮಿಬ್ಬರ ಜಗಳಕ್ಕೆ ಬರುತ್ತೇನೆ. ವೈನಿ, ಹೇಳಲಾ? ಹೂಂ ಅನ್ನುತ್ತಿದ್ದಾಳೆ.

ನೀರಾ ನದಿ ದಾಟಿ, ಲೋಣಂದ ಬಿಟ್ಟು ತರಡಗಾಂವಕ್ಕೆ ಬಂದ ರಾತ್ರಿ. ಹಿಂದಿನ ಎರಡು ದಿನ ಮಳೆ ಹಿಡಿದಿತ್ತು, ತಂಬಿನ ಕೆಳಗಿಂದ ನೀರು ಬಂದು ಹಾಸಿಗೆ ತೊಯ್ದಿತ್ತು. ಪಕ್ಕದಲ್ಲಿ ಮಲಗಿದ ವೈನಿಯ ಮೈ ಹಂಚಿನ ಹಾಗೆ ಕಾದಿತ್ತು. ಕೇಳಿದರೆ ಏನಿಲ್ಲ ಅಂದಳು. ನಾನು ಎದ್ದು ಹೋಗಿ ಅಲ್ಲೇ ಇದ್ದ ದವಾಖಾನೆ ತಂಬಿನಿಂದ ಡಾಕ್ಟರನ್ನು ಕರೆತಂದೆ. ಜ್ವರ 103. ಗುಳಿಗೆ ಕೊಟ್ಟರು, ನಾಳೆ ನಡೆಯುವ ಹಾಗೇ ಇಲ್ಲ, ಟ್ರಕ್ಕಿನಲ್ಲಿ ಹೋಗಬೇಕು ಅಂದರು. ನಾನು ದಿಂಡಿಯ ಮುಖ್ಯಸ್ಥರಿಗೂ ಹೇಳಿ ಪಕ್ಕಾ ಮಾಡಿಬಿಟ್ಟೆ. ವೈನಿ ಒಂದು ಮಾತೂ ಆಡಲಿಲ್ಲ.

ಬೆಳಿಗ್ಗೆ ಟ್ರಕ್ಕು ಹತ್ತುವ ಮೊದಲು ತನ್ನ ತುಳಸಿಯನ್ನು ತಂದು ನನ್ನ ಕೈಗೆ ಕೊಟ್ಟಳು. ಅವಳ ಅತ್ತೆಯ ಹಿತ್ತಾಳೆಯ ವೃಂದಾವನ ಅದು, ಒಳಗೆ ಒಂದು ಗೇಣು ಗಿಡ. ನೋಡಲು ಸಣ್ಣದು, ತಲೆಯ ಮೇಲೆ ಕೂತಾಗ ಗೊತ್ತಾಗುತ್ತದೆ ಅದರ ತೂಕ. ನಾನು ಜೀವನದಲ್ಲಿ ತಲೆಯ ಮೇಲೆ ಹೊತ್ತದ್ದು ಅಂದರೆ ಜನಗಣತಿಯ ಕಾಗದದ ಗಂಟು, ಅದೂ ಮಳೆ ಬಂದಾಗ. ಸಾಂಗಲಿಯ ಮುದುಕಿ ನನ್ನ ಟವೆಲ್ಲನ್ನು ಸುತ್ತಿ ಸಿಂಬಿ ಮಾಡಿಕೊಟ್ಟಳು. ಮೊದಲ ಅರ್ಧ ತಾಸು ಎರಡೂ ಕೈಯಿಂದ ಹಿಡಿದು ನಡೆದೆ, ತೋಳು ಬಿದ್ದುಹೋದವು. ಆಮೇಲೆ ಒಂದೇ ಕೈ. ಆಮೇಲೆ ಗೊತ್ತಾಯಿತು, ಹಿಡಿಯಬೇಕಾದದ್ದು ಕೈಯಿಂದಲ್ಲ, ಕತ್ತು ನೆಟ್ಟಗಿದ್ದರೆ ಅದು ತಾನೇ ಕೂರುತ್ತದೆ. ಆದರೆ ಕತ್ತು ನೆಟ್ಟಗಿಟ್ಟರೆ ಕಾಲ ಕೆಳಗಿನದು ಕಾಣುವುದಿಲ್ಲ. ಹೊಂಡವನ್ನು ಪಾದವೇ ತಡವಿ ತಿಳಿದುಕೊಳ್ಳಬೇಕು. ಬೆಳಿಗ್ಗೆ ಒಂದು ಸಲ ನೀರು ಹಾಕಿದ್ದೆ, ಒಣಗೀತೆಂಬ ಹೆದರಿಕೆಗೆ ಮಧ್ಯಾಹ್ನ ಇನ್ನೊಂದು ಸಲ ಹಾಕಿದೆ. ಹೆಚ್ಚಾದ ನೀರು ಕೆಸರಾಗಿ ಕಿವಿಯ ಹಿಂದಿನಿಂದ ಇಳಿದು ಕುಪ್ಪಸದೊಳಗೆ ಹೋಯಿತು. ದಾರಿಯಲ್ಲಿ ಜನ ಬಂದು ಬಂದು ಕಾಲು ಮುಟ್ಟುತ್ತಿದ್ದರು. ನನಗಲ್ಲ, ತಲೆಯ ಮೇಲಿನದಕ್ಕೆ. ಆದರೂ ಕಾಲು ನನ್ನದಾಗಿತ್ತು. ಒಬ್ಬ ಎಪ್ಪತ್ತರ ಮುದುಕ ಬಗ್ಗಿದಾಗ ನನಗೆ ಓಡಿಹೋಗಬೇಕು ಅನಿಸಿತು, ಬಗ್ಗಿ ತಿರುಗಿ ನಮಸ್ಕಾರ ಮಾಡುವ ಹಾಗೂ ಇಲ್ಲ, ತುಳಸಿ ಬೀಳುತ್ತದೆ.

ಅಂದು ಒದ್ದೆ ಸೀರೆ ನನ್ನ ಚೀಲದಲ್ಲೇ ಇತ್ತು. ಇನ್ನೊಂದು ತುದಿ ಹಿಡಿಯಲು ಯಾರನ್ನು ಕರೆದರೂ ಬರುತ್ತಿದ್ದರು. ಕರೆಯಲಿಲ್ಲ.

ರಾತ್ರಿ ಫಲಟಣದಲ್ಲಿ ಊಟ ಆಯಿತು, ಜುಣಕಾ, ಭಾಕ್ರಿ, ಮೆಣಸಿನಕಾಯಿ. ಹೆಂಗಸರ ತಂಬಿನಲ್ಲಿ ದೀಪ ಸಣ್ಣದು ಮಾಡಿದರು. ಆಗ ಶುರುವಾಯಿತು. ಟಣ್. ಟಣ್. ಟಣ್. ವೈನಿ ಹಾಸಿಗೆಯ ಮೇಲೆ ಕೂತು ಚಮಚದಿಂದ ತನ್ನ ತಾಟು ಬಡಿಯುತ್ತಿದ್ದಾಳೆ. ಸುತ್ತಲಿನವರು ತಿರುಗಿ ನೋಡಿದರು. ಯಾರಿಗೋ ಅರ್ಥವಾಗಿ ಕಿಸಕ್ಕನೆ ನಕ್ಕರು.

"ಯಾರ ತಕರಾರು?" ಅಂದೆ ನಾನು.

"ನಂದು." ಚಮಚ ನಿಲ್ಲಿಸಿದಳು. "ನಮ್ಮತ್ತಿ ಇಪ್ಪತ್ತೆರಡ ವಾರಿ ಮಾಡಿದ್ಳು. ಒಂದ ದಿನಾ ಗಾಡಿ ಹತ್ತಲಿಲ್ಲ. ನಾ ಮೊದಲನೇದಕ್ಕ ಟ್ರಕ್ಕಿನ್ಯಾಗ ಕುಂತು ಬಂದೆ. ಡಾಕ್ಟರಗ ನೀವ್ಯಾಕ ಹೇಳಿದ್ರಿ?"

"ಜ್ವರ ನೂರಾ ಮೂರು ಇತ್ತು ವೈನಿ."

"ಇತ್ತು. ಆದ್ರ ಜ್ವರ ನಂದಿತ್ತು."

ನನಗೆ ಉತ್ತರ ಹೊಳೆಯಲಿಲ್ಲ. ಆ ಹೊತ್ತಿಗೆ ಹೇಳದೆ ಇದ್ದದ್ದನ್ನು ಈಗ ನಿಮ್ಮ ಮುಂದೆ ಹೇಳುತ್ತೇನೆ. ಅವಳ ಮೇಲಿನ ಕಾಳಜಿ ಅರ್ಧ, ಉಳಿದರ್ಧ ಅವಳ ಮಗನಿಗೆ ನಾನೇನು ಉತ್ತರ ಕೊಡಲಿ ಅನ್ನುವ ಭಯ. ಮಕ್ಕಳ ಪರವಾಗಿ ನಿರ್ಧಾರ ಮಾಡಿ ಮಾಡಿ ಅಭ್ಯಾಸವಾಗಿದ್ದ ಬಾಯಿ ನನ್ನದು. ಅವಳನ್ನು ಒಂದು ಮಾತು ಕೇಳಬೇಕಿತ್ತು. ಕೇಳಿದ್ದರೆ ಅವಳು ಒಪ್ಪುತ್ತಿರಲಿಲ್ಲ, ಅದೂ ನನಗೆ ಗೊತ್ತಿತ್ತು. ಇವತ್ತಿಗೂ ನನಗೆ ಇದು ಬಗೆಹರಿದಿಲ್ಲ. ಇನ್ನೊಮ್ಮೆ 103 ಜ್ವರ ಬಂದರೆ ನಾನು ಮತ್ತೆ ಡಾಕ್ಟರನ್ನೇ ಕರೆಯುತ್ತೇನೆ, ಅವಳು ಮತ್ತೆ ತಾಟು ಬಡಿಯುತ್ತಾಳೆ.

ಸ್ವಲ್ಪ ಹೊತ್ತಾದ ಮೇಲೆ ಅವಳೇ ಕೇಳಿದಳು, "ತುಳಸಿಗೆ ನೀರ ಹಾಕಿದ್ರಿ?"

"ಎರಡು ಸಲ."

"ಎರಡ ಸಲ ಹಾಕಿದ್ರ ಬೇರು ಕೊಳೀತಾವ." ಹೀಗೆಂದು ಗೋಡೆ ಕಡೆ, ಅಂದರೆ ತಂಬಿನ ಬಟ್ಟೆ ಕಡೆ, ಹೊರಳಿ ಮಲಗಿದಳು.

ಅಂದಿನಿಂದ ಆ ತಾಟು ನಮ್ಮಲ್ಲಿ ಕಾಯಿದೆಯಾಯಿತು. ಒಬ್ಬರು ಬಡಿದರೆ ಇನ್ನೊಬ್ಬರು ಬಾಯಿ ಮುಚ್ಚಿ ಕೇಳಬೇಕು. ನಾನೂ ಬಡಿದೆ, ಅವಳ ಗೊರಕೆಯ ಬಗ್ಗೆ. ಅವಳು ಬಡಿದಳು, ನಾನು ದಾರಿಯಲ್ಲಿ ಬೋರ್ಡು ಓದುವಾಗ ಬರೀ ಊರ ಹೆಸರು ಓದದೆ ಇತಿಹಾಸ ಪಾಠ ಮಾಡುತ್ತೇನೆ ಎಂದು. ನಾಲ್ಕನೇ ದಿನಕ್ಕೆ ತಂಬಿನ ಬೇರೆ ಹೆಂಗಸರೂ ಬಡಿಯತೊಡಗಿದರು. ಸೊಸೆಯಂದಿರ ಮೇಲಿನ ತಕರಾರೇ ಜಾಸ್ತಿ, ಆದರೆ ಸೊಸೆಯಂದಿರು ಅಲ್ಲಿರಲಿಲ್ಲವಲ್ಲ, ತೀರ್ಮಾನ ಕೊಡುವುದು ಕಷ್ಟವಾಯಿತು.

ರಿಂಗಣದ ಬಗ್ಗೆ ಟಿವಿಯಲ್ಲಿ ನೀವು ನೋಡಿಯೇ ಇರುತ್ತೀರಿ. ಮಾಳಶಿರಸದ ಹತ್ತಿರ ಪುರಂದವಡೆಯಲ್ಲಿ ಗೋಲ್ ರಿಂಗಣ, ನಡುವಿನ ವರ್ತುಲದಲ್ಲಿ ಅಂಕಲಿಯ ಕುದುರೆಗಳು ಓಡುವುದು. ಸವಾರನಿರುವ ಕುದುರೆ ಮೊದಲು, ಆಮೇಲೆ ಖಾಲಿ ಜೀನಿನದು. ಅದು ನಮ್ಮ ಮುಂದೆ ಹಾದುಹೋದದ್ದು ಎರಡು ಕ್ಷಣ. ನನಗೆ ಕಂಡದ್ದು ಬೆವರಿದ ಹೊಟ್ಟೆ, ಉಸಿರಿನ ಸದ್ದು, ಅಷ್ಟೇ. ಆಮೇಲೆ ಜನ ಮುಗಿಬಿದ್ದು ಗೊರಸಿನ ಮಣ್ಣು ಹಣೆಗೆ ಹಚ್ಚಿಕೊಂಡರು. ವೈನಿ ಒಂದು ಚಿಟಿಕೆ ತಂದು ನನ್ನ ಹಣೆಗೂ ಒತ್ತಿ, "ನಮ್ಮೂರ ಕುದರಿ, ನಮ್ಮದ ಮಣ್ಣು" ಅಂದಳು. ಮಣ್ಣು ಸೋಲಾಪುರ ಜಿಲ್ಲೆಯದು ಎಂದು ಹೇಳಬೇಕೆಂದಿದ್ದೆ. ಹೇಳಿದ್ದರೆ ರಾತ್ರಿ ತಾಟು ಬಡಿಯುತ್ತಿದ್ದಳು.

ಎಲ್ಲವೂ ಚೆಂದ ಎಂದು ನಾನು ಹೇಳಲಾರೆ. ಪಾಲಖಿ ಮುಂದೆ ಹೋದ ಮೇಲೆ ಆ ಊರನ್ನು ನೋಡಬೇಕು. ಚಾ ಕಪ್ಪು, ಪತ್ರಾವಳಿ, ಬಾಟಲಿ, ಬಾಳೆಸಿಪ್ಪೆಯ ರಾಶಿ. ಒಂದು ಬೆಳಿಗ್ಗೆ ನನ್ನ ಚೀಲ ತಂಬಿನಲ್ಲೇ ಉಳಿದು, ತರಲೆಂದು ಹಿಂದೆ ಹೋದವಳು ಅದನ್ನು ಕಂಡೆ. ಕಸ ಬಳಿಯುತ್ತಿದ್ದ ಹೆಂಗಸರು ನನಗೂ "ಮಾವುಲಿ" ಅಂದರು, ನನಗೆ ತಲೆ ಎತ್ತಲಾಗಲಿಲ್ಲ. ಇನ್ನೊಂದು ಮಾತು. ಎಲ್ಲರೂ ಮಾವುಲಿ ಅನ್ನುವ ಈ ದಾರಿ ಮುಟ್ಟುವ ಗುಡಿಯೊಳಗೆ ದಲಿತರಿಗೆ ಪ್ರವೇಶ ಸಿಗಲು 1947ರವರೆಗೆ ಕಾಯಬೇಕಾಯಿತು, ಸಾನೇ ಗುರೂಜಿ ಉಪವಾಸ ಕೂರಬೇಕಾಯಿತು. ದಲಿತ ಸಂತ ಚೋಖಾಮೇಳನ ಸಮಾಧಿ ಇವತ್ತಿಗೂ ಗುಡಿಯ ಹೊರಗೆ, ನಾಮದೇವ ಪಾಯರಿಯ, ಅಂದರೆ ಸಂತ ನಾಮದೇವನ ಹೆಸರಿನ ಮೆಟ್ಟಿಲಿನ, ಎದುರಿಗಿದೆ. ಹೋದವರು ಅಲ್ಲಿ ಒಂದು ಗಳಿಗೆ ನಿಲ್ಲಿ.

ವೇಳಾಪುರದ ಹತ್ತಿರ ಇಳಿಜಾರಿನಲ್ಲಿ ಎಲ್ಲರೂ ಓಡುತ್ತಾರೆ, ಧಾವಾ ಅನ್ನುತ್ತಾರೆ. ಪಂಢರಪುರದ ಕಳಸ ಕಂಡ ಖುಷಿಗೆ ಅಂತೆ. ನಾನು ಓಡಲಿಲ್ಲ. ವೈನಿ ಓಡಿದಳು, ತುಳಸಿ ತಲೆಯ ಮೇಲಿಟ್ಟುಕೊಂಡೇ. ನೂರು ಹೆಜ್ಜೆ ಹೋಗಿ ನಿಂತು ಹಿಂದಕ್ಕೆ ತಿರುಗಿ ನನಗಾಗಿ ಕಾದಳು. ವಾಖರಿಯಲ್ಲಿ ಬೇರೆ ಬೇರೆ ಸಂತರ ಪಾಲಖಿಗಳೆಲ್ಲ ಕೂಡಿದವು. ಮರುದಿನ ದಶಮಿಗೆ ಪಂಢರಪುರ.

ದರ್ಶನ ಆಯಿತೇ ಎಂದು ಎಲ್ಲರೂ ಕೇಳುತ್ತಾರೆ. ಪಾದ ಮುಟ್ಟುವ ದರ್ಶನದ ಪಾಳಿ ಊರಾಚೆಗೆ ಹೋಗಿತ್ತು. ನಿಂತಿದ್ದರೆ ರಾತ್ರಿಯಿಡೀ ನಿಲ್ಲಬೇಕಿತ್ತು. ನಾವು ಚಂದ್ರಭಾಗೆಯಲ್ಲಿ ಮುಳುಗು ಹಾಕಿ, ನಾಮದೇವ ಪಾಯರಿಗೆ ಹಣೆ ಹಚ್ಚಿ, ದೂರದಿಂದ ಕಳಸಕ್ಕೆ ಕೈ ಮುಗಿದೆವು. ವಾರಕರಿಗಳಲ್ಲಿ ಬಹಳ ಮಂದಿ ಮಾಡುವುದು ಇಷ್ಟೇ. ಇಷ್ಟು ನಡೆದು ದೇವರ ಮುಖ ನೋಡದೆ ಹೋಗುವುದೇ ಎಂದು ನನಗೇ ಹೊಟ್ಟೆ ಉರಿಯಿತು. ಮಾಲೆ ಹಾಕಿದವಳು ಅವಳು, ತಕರಾರು ನನ್ನದು! ವೈನಿ ಸೆರಗಿನಿಂದ ಮುಖ ಒರೆಸಿಕೊಂಡು ಅಂದಳು, "ಕಾರ್ತೀಕದಾಗ ಬಸ್ಸಿಗೆ ಬರೂಣಲ್ರಿ. ನಾಕ ತಾಸಿನ ಹಾದಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ಇಷ್ಟು ದಿನಗಳಲ್ಲಿ ಮೊದಲ ಸಲ ನಾವಿಬ್ಬರು ಭುಜಕ್ಕೆ ಭುಜ ತಾಗಿಸಿ ಕೂತದ್ದು. ಹೊರಡುವ ಮೊದಲು ಅಂದುಕೊಂಡಿದ್ದ ಹರಟೆಯನ್ನೆಲ್ಲ ಈಗ ಹೊಡೆಯಬಹುದಿತ್ತು. ವೈನಿ ತುಳಸಿಯನ್ನು ತೊಡೆಯ ಮೇಲಿಟ್ಟುಕೊಂಡು ಟಿಕೀಟು ತೆಗೆಸುವಷ್ಟರಲ್ಲಿ ನಿದ್ದೆ ಹೋದಳು. ಗೊರಕೆ ಇತ್ತು, ನಾನು ಸುಮ್ಮನಿದ್ದೆ. ಸಾಂಗೋಲಾ ದಾಟಿದ ಮೇಲೆ ಒಂದು ಹೊಂಡಕ್ಕೆ ಬಸ್ಸು ಎತ್ತಿಹಾಕಿದಾಗ ಎಚ್ಚರವಾಯಿತು. ಸುತ್ತ ನೋಡಿದಳು. ಸೊಂಟದಿಂದ ಮನೆಯ ಕಿಲಿ ತೆಗೆದು ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಬಡಿದಳು. ಟಣ್, ಟಣ್.

"ಹೇಳವಾ" ಅಂದೆ.

"ಹೊಂಟಾಗಿಂದ ಕಿಟಕಿ ನೀವ ಹಿಡದೀರಿ."

ಎದ್ದು ಜಾಗ ಬಿಟ್ಟುಕೊಟ್ಟೆ.